ಕಲ್ಲು ನಿಮ್ಮ ಸರಹದ್ದಿನಲ್ಲಿದೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಅಭಿವೃದ್ಧಿ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಹಾದು ಚಿಂತಾಮಣಿಗೆ ಬರುವ ಹೆದ್ದಾರಿಗೆ ಹಿಂದೆ 234 ಅಂತ ನಂಬರಿತ್ತು. ಈಗ ನಂಬರು ಬದಲಾಗಿದೆ, ರಸ್ತೆಯೂ ಅಗಲವಾಗಿದೆ. ನಾನು ಬರೆಯಹೊರಟಿರುವುದು ಈ ಹೆದ್ದಾರಿಯ ಬದಿಯಲ್ಲಿ, ಅದರಿಂದ ಕವಲೊಡೆದು ನಿಮ್ಮ ಊರುಗಳಿಗೆ ಹೋಗುವ ದಾರಿಗಳ ಬದಿಯಲ್ಲಿ, ಕೆರೆ ಏರಿಯ ಮೇಲೆ, ಹುಣಸೆ ಮರದ ಬುಡದಲ್ಲಿ, ಹಾಲಿನ ಡೇರಿಯ ಹಿಂದೆ ನಿಂತಿರುವ ಹಳೆಯ ಕಲ್ಲುಗಳ ಬಗ್ಗೆ. ವೀರಗಲ್ಲು, ಮಾಸ್ತಿಕಲ್ಲು, ಶಾಸನದ ಕಲ್ಲು. ಕೆಲವು ಊರುಗಳಲ್ಲಿ ವೀರಗಾರ ಅಂತಾರೆ, ಈರಣ್ಣ ಅಂತಾರೆ. ಇನ್ನು ಕೆಲವು ಕಡೆ ಅದಕ್ಕೆ ಯಾವ ಹೆಸರೂ ಉಳಿದಿಲ್ಲ, ಬರೀ ಕಲ್ಲು.

ಮಂತ್ರಿಗಳಿಗೋ ಜಿಲ್ಲಾಧಿಕಾರಿಗಳಿಗೋ ಬರೆಯದೆ ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಕಲ್ಲುಗಳನ್ನು ದಿನಾ ನೋಡುವವರು ನೀವು. ಚರಂಡಿ ತೋಡಲು ಜೆಸಿಬಿ ಬಂದಾಗ ಡ್ರೈವರಿಗೆ ಎಲ್ಲಿಂದ ಎಲ್ಲಿಗೆ ಅಂತ ಕೈ ತೋರಿಸುವವರೂ ನೀವೇ. ಆ ಹೊತ್ತಿಗೆ ಬೆಂಗಳೂರಿನಿಂದ ಯಾವ ಇಲಾಖೆಯವರೂ ಅಲ್ಲಿರುವುದಿಲ್ಲ.

ನಾನು ಹತ್ತಿರದಿಂದ ಬಲ್ಲ ಒಂದು ಕಲ್ಲನ್ನು ನಿಮ್ಮ ಮುಂದಿಡುತ್ತೇನೆ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ; ಬರೆದರೆ ಮುಂದಿನ ಅಮಾವಾಸ್ಯೆಗೆ ನಿಧಿ ಹುಡುಕುವವರು ಗುದ್ದಲಿ ತರುತ್ತಾರೆ. ಕಲ್ಲು ಎದೆಯ ಮಟ್ಟಕ್ಕಿದೆ, ಬುಡ ಮಣ್ಣಿನಲ್ಲಿ ಹೂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ಮನುಷ್ಯ ಬಿಲ್ಲು ಎಳೆದು ನಿಂತಿದ್ದಾನೆ. ಸೊಂಟಕ್ಕೆ ಬಿಗಿದ ಕಠಾರಿ, ಹಿಂದಕ್ಕೆ ಕಟ್ಟಿದ ತುರುಬು. ಅವನ ಕಾಲ ಬಳಿ ಕೊಂಬು ಮೇಲೆತ್ತಿದ ದನಗಳು, ಒಂದರ ಹಿಂದೆ ಒಂದು. ಶಿಲ್ಪಿಗೆ ಜಾಗ ಸಾಲದೆ ಕೊನೆಯ ದನದ ತಲೆಯನ್ನಷ್ಟೇ ಕಡೆದಿದ್ದಾನೆ. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ದೇವಕನ್ನೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಎಲ್ಲಕ್ಕಿಂತ ಮೇಲೆ ಲಿಂಗ, ಅದರ ಎದುರು ಕೈಮುಗಿದು ಕೂತ ಅದೇ ಮನುಷ್ಯ, ನೆತ್ತಿಯ ಮೇಲೆ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವೆ ಹಳಗನ್ನಡದ ಅಕ್ಷರಗಳು. ಅವುಗಳ ಮೇಲೆ ಕೆಂಪು ಬಣ್ಣದಲ್ಲಿ ಬೋರ್‌ವೆಲ್ ಪಾಯಿಂಟ್ ನೋಡುವವರ ಮೊಬೈಲ್ ನಂಬರ್ ಬರೆದಿದೆ. ಪಕ್ಕದ ಸಿಸಿ ರಸ್ತೆಗೆ ಹಾಕಿದ ಕಾಂಕ್ರೀಟ್ ಅದರ ಬುಡಕ್ಕೆ ಹರಿದು ಕೊನೆಯ ಎರಡು ಸಾಲುಗಳನ್ನು ನುಂಗಿದೆ. ಇಂಥ ಶಾಸನಗಳಲ್ಲಿ ಸತ್ತವನ ಮನೆಯವರಿಗೆ ಏನು ಕೊಟ್ಟರು ಎಂಬುದು ಸಾಮಾನ್ಯವಾಗಿ ಕೊನೆಯ ಸಾಲುಗಳಲ್ಲೇ ಇರುತ್ತದೆ.

ಆ ಕೊನೆಯ ಸಾಲುಗಳ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಪಂಚಾಯಿತಿ ನಡೆಸುವವರಿಗೆ ಅದು ಬೇಗ ಅರ್ಥವಾಗುತ್ತದೆ. ನಮ್ಮ ಸೀಮೆಯಲ್ಲಿ ಗಂಗರು, ಬಾಣರು, ನೊಳಂಬರು ಆಳುತ್ತಿದ್ದ ಕಾಲದಲ್ಲಿ, ಅಂದರೆ ಸಾವಿರದ ಇನ್ನೂರು ಸಾವಿರದ ಮುನ್ನೂರು ವರ್ಷಗಳ ಹಿಂದಿನಿಂದ, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನಿಗೆ ಕಲ್ಲು ನೆಡುತ್ತಿದ್ದರು. ಹಾಗೆ ದನ ಹೊಡೆದುಕೊಂಡು ಹೋಗುವುದಕ್ಕೆ ತುರುಗೊಳ್ ಎನ್ನುತ್ತಿದ್ದರು. ಊರಿಗೆ ಊರೇ ಹಾಳಾಗುವ ದಾಳಿಯಾದರೆ ಊರಳಿವು. ಹೆಂಗಸರ ಮೇಲೆ ಕೈ ಮಾಡಲು ಬಂದವರ ಜೊತೆ ಹೊಡೆದಾಡಿ ಸತ್ತವರಿಗೂ ಕಲ್ಲುಗಳಿವೆ. ಸತ್ತವನ ಕುಟುಂಬಕ್ಕೆ ಊರೋ ಅರಸನೋ ಭೂಮಿ ಬಿಟ್ಟುಕೊಡುತ್ತಿದ್ದರು. ಕಲ್ನಾಡು ಅಂದರೆ ಆ ಭೂಮಿ. ಬಾಳ್ಗಚ್ಚು ಅಂದರೆ ಕತ್ತಿ ತೊಳೆದು ಕೊಟ್ಟದ್ದು. ಆಮೇಲಿನ ಕಾಲದ ಶಾಸನಗಳಲ್ಲಿ ನೆತ್ತರುಗೊಡಗೆ ಎಂದೇ ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ಏರಿ ನೋಡಿಕೊಳ್ಳುವವರಿಗೆ ಕೊಟ್ಟರೆ ಅದು ಕೆರೆಗೊಡಗೆ. ಇಷ್ಟು ಗದ್ದೆ, ಇಷ್ಟು ಬೆದ್ದಲು, ಇಂಥ ಕೆರೆಯ ಕೆಳಗೆ, ಇಂಥವರು ಸಾಕ್ಷಿ ಎಂದು ವಿವರ ಇರುತ್ತದೆ. ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಬರಲಿ ಎಂಬ ಶಾಪವೂ ಇರುತ್ತದೆ. ನೀವು ತಾಲ್ಲೂಕು ಆಫೀಸಿನಲ್ಲಿ ಕ್ಯೂ ನಿಂತು ತರುವ ಪಹಣಿಯ ಹಾಗೆ, ಈ ಕಲ್ಲು ಒಂದು ಮನೆಯ ಹಕ್ಕಿನ ದಾಖಲೆ. ಇದರಲ್ಲಿ ಆ ಹಕ್ಕು ಯಾಕೆ ಬಂತು ಅನ್ನುವುದನ್ನೂ ಬರೆದಿಟ್ಟಿದ್ದಾರೆ, ಅಷ್ಟೇ ಹೆಚ್ಚು.

ಆ ಬಿಲ್ಲುಗಾರ ರಾಜನಲ್ಲ. ಪಠ್ಯಪುಸ್ತಕದಲ್ಲಿ ಅವನ ಹೆಸರು ಬರುವುದಿಲ್ಲ. ಅವನು ಇದ್ದ, ಅವನಿಗೊಬ್ಬ ಅಪ್ಪ ಇದ್ದ, ಅವನು ಇಂಥ ಊರಿನವನು ಎಂದು ಹೇಳುವ ಸಾಕ್ಷಿ ಜಗತ್ತಿನಲ್ಲಿ ಇದೊಂದೇ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 949ರಲ್ಲಿ ಕಾಳಿ ಎಂಬ ನಾಯಿಗೆ ಕಲ್ಲು ನೆಟ್ಟರು. ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತ ನಾಯಿ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು ಸಾವಿರ ವರ್ಷ ಬಾಳಿತು. ನಮ್ಮೂರಿನ ಬಿಲ್ಲುಗಾರನ ಹೆಸರು ಮೊಬೈಲ್ ನಂಬರಿನ ಕೆಳಗೆ ಹೋಯಿತು.

ಈ ಕಲ್ಲುಗಳಲ್ಲಿ ಇನ್ನೊಂದು ಸಂಗತಿ ಇದೆ. ನಮ್ಮ ಈಗಿನ ತಾಲ್ಲೂಕುಗಳಿಗಿಂತ ಮುಂಚೆ ಈ ನೆಲವನ್ನು ಹೇಗೆ ಭಾಗ ಮಾಡಿಕೊಂಡಿದ್ದರು ಎಂಬ ಲೆಕ್ಕ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೆ ಮೊದಲು ನಾವೆಲ್ಲ ಕೋಲಾರ ಜಿಲ್ಲೆಯವರು. ಅದಕ್ಕೂ ಬಹಳ ಹಿಂದೆ ಇಲ್ಲಿ ನಾಡುಗಳಿದ್ದವು. ನಾಡು ಅಂದರೆ ಈಗ ನಾವು ಭಾಷಣದಲ್ಲಿ ಹೇಳುವಷ್ಟು ದೊಡ್ಡದಲ್ಲ. ಹತ್ತಾರು ಹಳ್ಳಿಗಳ ಒಂದು ಗುಂಪು, ಅದಕ್ಕೊಬ್ಬ ಮುಖ್ಯಸ್ಥ, ಅವನ ಮೇಲೆ ಒಬ್ಬ ಅರಸ. ದೊಡ್ಡ ಲೆಕ್ಕದಲ್ಲಿ ಗಂಗವಾಡಿ 96000, ನೊಳಂಬವಾಡಿ 32000. ಸಣ್ಣ ಲೆಕ್ಕದಲ್ಲಿ ಕೋಲಾರದ ಸುತ್ತಲಿನ ಕುವಳಾಲನಾಡು 300, ಆವನಿಯ ಸುತ್ತ ಬರೀ 30. ಈ ಸಂಖ್ಯೆಗಳು ಹಳ್ಳಿಗಳದೋ, ಕಂದಾಯದ್ದೋ, ಕಾಳಗಕ್ಕೆ ಕೊಡಬೇಕಾದ ಆಳುಗಳದೋ ಎಂದು ವಿದ್ವಾಂಸರು ನೂರು ವರ್ಷಗಳಿಂದ ಜಗ್ಗಾಡುತ್ತಿದ್ದಾರೆ. ಸಣ್ಣ ಸಂಖ್ಯೆ ಬಂದಲ್ಲಿ ಹಳ್ಳಿಗಳ ಲೆಕ್ಕವೇ ಇರಬೇಕು ಅನ್ನುವುದು ನನ್ನ ಎಣಿಕೆ. ಮೂವತ್ತು ಹಳ್ಳಿ ಅಂದರೆ ಈಗಿನ ಮೂರು ನಾಲ್ಕು ಗ್ರಾಮ ಪಂಚಾಯಿತಿ. ನಿಮ್ಮ ಅಳತೆಯ ಆಡಳಿತವೇ.

ಚಿಕ್ಕಬಳ್ಳಾಪುರ, ನಂದಿಯ ಸೀಮೆಗೆ ಹಳೆಯ ಶಾಸನಗಳಲ್ಲಿ ಕಳವಾರನಾಡು ಎಂಬ ಹೆಸರು. ಚಿಂತಾಮಣಿಯ ಕಡೆ ಕೈವಾರನಾಡು. ಕೈವಾರಕ್ಕೆ ತಾತಯ್ಯ ಯೋಗಿ ನಾರೇಯಣರ ಪುಣ್ಯದಿಂದ ಹೆಸರು ಉಳಿದಿದೆ. ಅವರ ಮಠಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಜನ ಬರುತ್ತಾರೆ. ಆದರೆ ಕೈವಾರ ಒಂದು ಊರು ಎಂದು ಗೊತ್ತೇ ಹೊರತು ಒಂದು ನಾಡಿಗೆ ತಲೆಯಾಗಿತ್ತು ಎಂದು ಅಲ್ಲಿಗೆ ಬರುವವರಿಗೆ ಹೇಳುವ ಒಂದು ಹಲಗೆಯನ್ನು ನಾನು ನೋಡಿಲ್ಲ. ಕಳವಾರದ ಪಾಡು ಇನ್ನೂ ಕಷ್ಟ. ಬೆಟ್ಟದ ಬುಡದಲ್ಲಿ ಕಳವಾರ ಎಂಬ ಹಳ್ಳಿ ಈಗಲೂ ಇದೆ. ಅದರ ಮೇಲಿನ ಕೋಟೆಯ ಬೆಟ್ಟಕ್ಕೆ ಕಳವಾರದುರ್ಗ ಎಂದೇ ಹೆಸರಿತ್ತು. ಈಗ ಅದು ಸ್ಕಂದಗಿರಿ. ವಾರದ ಕೊನೆಗೆ ಬೆಂಗಳೂರಿನ ಹುಡುಗರು ರಾತ್ರಿಯೇ ಬಂದು, ಬೆಳಕು ಹರಿಯುವ ಮುಂಚೆ ಹತ್ತಿ, ಮೋಡದ ಮೇಲೆ ನಿಂತು ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ತಾವು ಹತ್ತಿದ ಬೆಟ್ಟ ಒಂದು ನಾಡಿನ ಹೆಸರು ಹೊತ್ತಿತ್ತು ಎಂದು ಅವರಿಗೆ ನಾವು ಹೇಳಲಿಲ್ಲ. ಬೇರೆಯವರು ಹೇಳಬೇಕಾದ ಮಾತಲ್ಲ ಅದು.

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನವನ್ನು ನೋಡಿ. ಒಂಬತ್ತನೆಯ ಶತಮಾನದ ಮೊದಲ ವರ್ಷಗಳಿಂದ ಅದರ ದಾಖಲೆ ಸಿಗುತ್ತದೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ 806ರ ಶಾಸನ, ಸುಮಾರು 810ರ ತಾಮ್ರಪಟ, ನೊಳಂಬರ ದಾನ, ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು. ಅದು ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹುಲ್ಲುಹಾಸು, ಕಾವಲುಗಾರ, ನೀಲಿ ಫಲಕ ಎಲ್ಲ ಇವೆ. ಇರಲಿ, ಬೇಕು. ಅಲ್ಲಿಂದ ಹೊರಟು ನಿಮ್ಮ ಊರಿನ ಕಡೆ ಬಂದರೆ, ಅದೇ ಅರಸರ ಹೆಸರಿರುವ, ಅದೇ ಕಾಲದ ಕಲ್ಲು ಚರಂಡಿಗೆ ಅಡ್ಡ ಬಿದ್ದಿರುತ್ತದೆ. ದೇವಸ್ಥಾನ ಕಟ್ಟಿಸಿದವರ ಹೆಸರಿಗೆ ಒಂದು ನ್ಯಾಯ, ದನ ಉಳಿಸಲು ಸತ್ತವನ ಹೆಸರಿಗೆ ಇನ್ನೊಂದು ನ್ಯಾಯ ಆಗಬಾರದು.

ಈ ಕಲ್ಲುಗಳನ್ನು ಯಾರೂ ನೋಡಿಯೇ ಇಲ್ಲ ಅಂತ ತಿಳಿಯಬೇಡಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದ ಪುರಾತತ್ವದ ಹೊಣೆ ಹೊತ್ತು, ಊರೂರಿಗೆ ಜನ ಕಳಿಸಿ, ತಾನೂ ತಿರುಗಿ, ಸಾವಿರಾರು ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ, 1905ರದು. ಅದರಲ್ಲಿ ನಿಮ್ಮ ನಾಲ್ಕೂ ತಾಲ್ಲೂಕುಗಳಿಗೆ ಬೇರೆ ಬೇರೆ ಭಾಗ ಇದೆ. ಪ್ರತಿ ಕಲ್ಲಿಗೂ ತಾಲ್ಲೂಕಿನ ಹೆಸರು, ಒಂದು ನಂಬರು, ಯಾವ ಊರು, ಊರಿನ ಯಾವ ದಿಕ್ಕಿನಲ್ಲಿ, ಯಾವ ಗುಡಿಯ ಮುಂದೆ, ಯಾವ ಕೆರೆಯ ತೂಬಿನ ಬಳಿ ಎಂಬ ವಿವರ. ರೈಲು ಕಾಣದ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲೂ ಕುದುರೆಯ ಮೇಲೂ ಹೋಗಿ, ಪಾಚಿ ತೊಳೆದು, ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಪಡಿಯಚ್ಚು ತೆಗೆದ ಆ ಕಾಲದ ಸಹಾಯಕರಲ್ಲಿ ಎಷ್ಟೋ ಮಂದಿಯ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ. ಅವರು ಗುರುತು ಹಾಕಿ ಹೋದ ಕಲ್ಲು ಅಲ್ಲೇ ಇದೆಯೇ ಎಂದು ಆ ಪುಸ್ತಕ ಹಿಡಿದು ಊರೂರಿಗೆ ಹೋಗಿ ನೋಡುವ ಕೆಲಸ ನಮ್ಮ ತಲೆಮಾರಿನದು. ಮಾಡಿದರೆ ಎಷ್ಟು ಕಲ್ಲು ಸಿಗುತ್ತವೋ, ಎಷ್ಟು ಕ್ರಷರ್ ಪಾಲಾಗಿವೆಯೋ, ಎಷ್ಟು ಮನೆಗಳ ಪಾಯಕ್ಕೆ ಹೋಗಿವೆಯೋ ನನಗೆ ಭಯವಿದೆ. ಆದರೂ ನೋಡಬೇಕು. ಆ ಪಟ್ಟಿಗೆ ಸೇರದೆ ಉಳಿದ ಕಲ್ಲುಗಳೂ ಹೊಲಗಳಲ್ಲಿ ಇವೆ. ಹಲ್ಮಿಡಿಯ ಶಾಸನ 1936ರಲ್ಲಿ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬೀಳುವ ತನಕ ಅದೂ ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ಕಲ್ಲೇ ಆಗಿತ್ತು. ಅಂಥದ್ದು ನಿಮ್ಮ ಊರಲ್ಲಿ ಇಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ಒಂದು ಸೂಕ್ಷ್ಮವಾದ ಮಾತು. ನಮ್ಮ ಕಡೆಯ ಕಲ್ಲುಗಳಲ್ಲಿ ಎಲ್ಲವೂ ಕನ್ನಡದವಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದ ಮೇಲೆ ಈ ಸೀಮೆಗೆ ನಿಕರಿಲಿಚೋಳಮಂಡಲ ಎಂದು ಹೆಸರಿಟ್ಟರು. ಕಳವಾರನಾಡು, ಕೈವಾರನಾಡುಗಳೆಲ್ಲ ಅದರೊಳಗೆ ಸೇರಿದವು. ಆಗಿನಿಂದ ಸುಮಾರು ಮುನ್ನೂರು ವರ್ಷ ಇಲ್ಲಿ ತಮಿಳು ಲಿಪಿಯ ಶಾಸನಗಳೂ ಹುಟ್ಟಿವೆ. ವಿಜಯನಗರದ ಕಾಲಕ್ಕೆ ತೆಲುಗಿನವೂ ಸೇರಿದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಆಡುವ ನಮಗೆ ಇದು ಹೊಸದೇನಲ್ಲ. ಆದರೆ ಓದಲು ಬರದ ಲಿಪಿ ಕಂಡರೆ ಇದು ನಮ್ಮದಲ್ಲ ಎಂದು ಪಕ್ಕಕ್ಕೆ ತಳ್ಳುವವರನ್ನು ನೋಡಿದ್ದೇನೆ. ತಮಿಳು ಅಕ್ಷರದಲ್ಲಿ ಬರೆದ ಕೆರೆಯ ದಾನವೂ ನಿಮ್ಮ ಊರಿನ ಕೆರೆಯ ದಾನವೇ. ಆ ನೀರು ಕುಡಿದದ್ದು ನಿಮ್ಮ ಹಿರಿಯರ ದನಗಳೇ. ಯಾವ ಲಿಪಿಯಾದರೂ ಕಲ್ಲು ಕಲ್ಲೇ, ಕಾಪಾಡಿ.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. ಕೇಂದ್ರದ್ದು 1958ರ ಕಾಯ್ದೆ, ರಾಜ್ಯದ್ದು 1961ರ ಕಾಯ್ದೆ. ಎರಡೂ ಮುಖ್ಯವಾಗಿ ಸಂರಕ್ಷಿತ ಎಂದು ಘೋಷಣೆಯಾದ ಸ್ಮಾರಕಗಳಿಗೆ ಕಾವಲು. ರಸ್ತೆ ಬದಿಯ ಒಂಟಿ ವೀರಗಲ್ಲುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. ನಾನು ಮೇಲೆ ಹೇಳಿದ ಕಲ್ಲಿನ ವಿಚಾರವಾಗಿ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಅದು ನಮ್ಮ ಪಟ್ಟಿಯಲ್ಲಿಲ್ಲ ಎಂದರು. ರಸ್ತೆ ಮಾಡುವವರ ಬಳಿ ಹೋದೆ. ನಮ್ಮ ಎಸ್ಟಿಮೇಟಿನಲ್ಲಿ ಅದು ಬರುವುದಿಲ್ಲ ಎಂದರು. ಇಬ್ಬರೂ ಒರಟಾಗಿ ಮಾತಾಡಲಿಲ್ಲ, ಒಬ್ಬರು ಟೀ ಕೂಡ ತರಿಸಿದರು. ಕಲ್ಲು ಮಾತ್ರ ಇಬ್ಬರ ಲೆಕ್ಕಕ್ಕೂ ಹೊರಗೇ ಉಳಿಯಿತು. ಆಗಲೇ ನನಗೆ ನಿಶ್ಚಯವಾದದ್ದು, ಇದು ನಿಮ್ಮ ಲೆಕ್ಕದ ಒಳಗೆ ಬರಬೇಕು ಅಂತ. ಪಂಚಾಯಿತಿಯ ಆಸ್ತಿ ರಿಜಿಸ್ಟರಿನಲ್ಲಿ ನೀರಿನ ಟ್ಯಾಂಕಿಗೆ, ಬಸ್ ತಂಗುದಾಣಕ್ಕೆ, ಕೈಪಂಪಿಗೆ ಜಾಗವಿದೆ. ಈ ಕಲ್ಲಿಗೂ ಒಂದು ಸಾಲು ಕೊಡಿ. ಆ ಸಾಲು ಬಿದ್ದ ದಿನದಿಂದ ಯಾವ ಗುತ್ತಿಗೆದಾರನೂ ಯಾರದೂ ಅಲ್ಲದ ಕಲ್ಲು ಅಂತ ಹೇಳಲು ಬರುವುದಿಲ್ಲ.

ಸಾಧ್ಯವಾ ಎನ್ನುವವರು ಹೆಬ್ಬಾಳಕ್ಕೆ ಹೋಗಿ ಬನ್ನಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ಕಡೆಯವರು ದಾಳಿ ಮಾಡಿದಾಗ ಹೋರಾಡಿ ಸತ್ತ ಕಿತ್ತಯ ಎಂಬುವನ ವೀರಗಲ್ಲು. ಅದರಲ್ಲಿ ಪೆರ್ಬೊಳಲ್‌ನಾಡು 30 ಎಂದು ನಾಡಿನ ಹೆಸರೂ ಇದೆ. ಮೇಲ್ಸೇತುವೆ ಕೆಳಗೆ ಲಕ್ಷಾಂತರ ಗಾಡಿ ಓಡುವ ಆ ಜಾಗ ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಮೂವತ್ತರ ಒಂದು ನಾಡು ಎಂದು ಆ ಒಂದು ಕಲ್ಲಿನಿಂದ ಎಲ್ಲರಿಗೂ ತಿಳಿಯಿತು. ಊರಿನವರು, ಶಾಸನಗಳ ಆಸಕ್ತರು ಕೂಡಿ, ಜನರಿಂದ ಹಣ ಎತ್ತಿ, ಅದಕ್ಕೆ ಕಲ್ಲಿನ ಮಂಟಪ ಕಟ್ಟಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಇಂಥ ಕಲ್ಲುಗಳನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರವಾಗಿ ಉಳಿಸುತ್ತಿದ್ದಾರೆ. ಸವೆದು ಕಣ್ಣಿಗೆ ಕಾಣದ ಅಕ್ಷರವೂ ಆ ಚಿತ್ರದಲ್ಲಿ ಎದ್ದು ಬರುತ್ತದೆ. ಅದೇ ಹೆಬ್ಬಾಳದ ಕಣಿವೆಯಿಂದ ಶುದ್ಧೀಕರಿಸಿದ ನೀರು ಇವತ್ತು ಪೈಪಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆದರೆ ಆ ಊರಿನವರಿಗೆ ಬಂದ ಬುದ್ಧಿ ನಮಗೆ ಬರಲು ಪೈಪಿನ ಅಗತ್ಯವಿಲ್ಲ.

ಸತ್ತವರ ನೆನಪನ್ನು ಊರಿನವರೇ ಉಳಿಸಬೇಕು ಎಂಬ ಮಾತನ್ನು ಗೌರಿಬಿದನೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 32 ಮಂದಿ ಸತ್ತರೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಆಗಿನ ಸರ್ಕಾರ ಒಪ್ಪಿಕೊಂಡ ಲೆಕ್ಕ ಅದಕ್ಕಿಂತ ಕಡಿಮೆ. ಹಾಗೆ ಲೆಕ್ಕದಲ್ಲೇ ಜಗಳವಿದ್ದಾಗ ಸತ್ತವರ ನೆನಪನ್ನು ಉಳಿಸಿದ್ದು ಆ ಊರಿನ, ಆ ತಾಲ್ಲೂಕಿನ ಜನ. ಅಲ್ಲಿ ಈಗ ಸ್ತೂಪವಿದೆ, ವೀರಸೌಧವಿದೆ, ಚಿತ್ರಗಳಿವೆ, ಶಾಲೆಯ ಮಕ್ಕಳು ಬಂದು ಓದುತ್ತಾರೆ. ಅದೇ ತಾಲ್ಲೂಕಿನಿಂದ ವಾಯವ್ಯಕ್ಕೆ ಹೋದರೆ, ಗಡಿಯಾಚೆ, ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ. ಆ ಅರಸರ ಕಾಲದಲ್ಲಿ ಊರಿಗಾಗಿ ಸತ್ತವನಿಗೆ ಕಲ್ಲು ನೆಟ್ಟವರ ಮೊಮ್ಮಕ್ಕಳ ಮೊಮ್ಮಕ್ಕಳೇ ವಿದುರಾಶ್ವತ್ಥದಲ್ಲೂ ಕಲ್ಲು ನೆಟ್ಟರು ಎಂದು ನಾನು ನಂಬುತ್ತೇನೆ. ಒಂದನ್ನು ತೊಳೆದು ಹೂ ಇಡುವ ಕೈ ಇನ್ನೊಂದರ ಮೇಲೆ ಸಿಮೆಂಟು ಸುರಿಯಬಾರದು.

ಈಗ ಕೆಲಸದ ಮಾತು. ಮೊದಲು, ಏನು ಮಾಡಬಾರದು ಎಂಬುದು. ಅಭಿಮಾನದಿಂದಲೇ ಕೆಟ್ಟ ಕಲ್ಲುಗಳು ಬಹಳ. ಸುಣ್ಣ ಹೊಡೆಯಬೇಡಿ, ಆಯಿಲ್ ಪೇಂಟ್ ಬೇಡವೇ ಬೇಡ. ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಆಸಿಡ್ ಹಾಕಬೇಡಿ, ಮರಳು ಹೊಡೆಯುವ ಯಂತ್ರ ತರಬೇಡಿ. ಅಕ್ಷರದ ಅಂಚು ಹೋದರೆ ಮತ್ತೆ ಬರುವುದಿಲ್ಲ. ಅಕ್ಷರ ಚೆನ್ನಾಗಿ ಕಾಣಲಿ ಅಂತ ಬಿಳಿ ಬಣ್ಣ ತುಂಬಿಸುವವರಿದ್ದಾರೆ. ಓದಲು ಬರದವನು ಬಣ್ಣ ತುಂಬಿದರೆ ಇಲ್ಲದ ಅಕ್ಷರ ಹುಟ್ಟುತ್ತದೆ. ಸಾದಾ ನೀರು, ತೆಂಗಿನ ನಾರು ಅಥವಾ ಮೃದುವಾದ ಬ್ರಷ್ಷು ಸಾಕು. ಓದಬೇಕಾದರೆ ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ನೋಡಿ. ಇಲ್ಲವೇ ರಾತ್ರಿ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒರಗಿಸಿ ಹಿಡಿಯಿರಿ, ಹಗಲು ಕಾಣದ ಸಾಲು ಎದ್ದು ಕಾಣುತ್ತದೆ. ನಾನು ಹೇಳಿದ ಬಿಲ್ಲುಗಾರನ ಬೆರಳುಗಳನ್ನು ಎಣಿಸಿದ್ದೂ ಹಾಗೆಯೇ.

ಕಲ್ಲನ್ನು ಅದು ನಿಂತಿರುವ ಜಾಗದಿಂದ ಎತ್ತಬೇಡಿ. ಅದು ಅಲ್ಲೇ ನಿಂತದ್ದಕ್ಕೂ ಅರ್ಥವಿದೆ: ದನ ಹೋದ ದಾರಿ, ಊರಿನ ಹಳೆಯ ಗಡಿ, ಮುಚ್ಚಿಹೋದ ಕಾಲುವೆ ಯಾವುದಾದರೂ ಅದರಿಂದ ಗೊತ್ತಾಗಬಹುದು. ರಸ್ತೆ ಅಗಲವಾಗಿ ಬೇರೆ ದಾರಿಯೇ ಇಲ್ಲ ಎಂದಾದರೆ ಮಾತ್ರ, ಎಲ್ಲಿತ್ತು ಎಂದು ಜಿಪಿಎಸ್ ಗುರುತು, ಫೋಟೊ, ಮಹಜರು ಮಾಡಿ, ಅದೇ ಊರಿನ ಶಾಲೆಯ ಅಂಗಳಕ್ಕೋ ಪಂಚಾಯಿತಿ ಕಟ್ಟಡದ ಮುಂದಕ್ಕೋ ತನ್ನಿ. ಪಕ್ಕದ ಊರಿಗೂ ಬೇಡ. ಬುಡಕ್ಕೆ ಕಾಂಕ್ರೀಟ್ ಹಾಕುವಾಗ ಕೆಳಗಿನ ಸಾಲುಗಳು ಮೇಲಿರಲಿ. ಸುತ್ತ ನಾಲ್ಕು ಸಣ್ಣ ಕಲ್ಲುಕಂಬ, ಲಾರಿ ರಿವರ್ಸ್ ಬಂದರೆ ತಗುಲದಷ್ಟು. ಒಂದು ಹಲಗೆ: ಇದು ಯಾವ ಕಾಲದ್ದು, ಯಾವ ನಾಡು, ಯಾರು ಸತ್ತರು, ಯಾಕೆ ಸತ್ತರು. ರಾಜಕಾರಣಿಗಳ ಫೋಟೊ ಅದರಲ್ಲಿ ಬೇಡ ಎಂದು ಕೈಮುಗಿದು ಕೇಳುತ್ತೇನೆ.

ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ, ಗ್ರಂಥಪಾಲಕರಿದ್ದಾರೆ. ರೈಸ್ ಅವರ ಹತ್ತನೆಯ ಸಂಪುಟದಲ್ಲಿ ನಿಮ್ಮ ಊರುಗಳಿಗೆ ಸಂಬಂಧಪಟ್ಟ ಪುಟಗಳನ್ನು ಅಚ್ಚು ಹಾಕಿ ಅಲ್ಲಿಡಿಸಿ. ಹೈಸ್ಕೂಲಿನ ಮಕ್ಕಳಿಗೆ ಒಂದು ಶನಿವಾರದ ಕೆಲಸ ಕೊಡಿ: ಪುಸ್ತಕದಲ್ಲಿರುವ ಕಲ್ಲನ್ನು ಹುಡುಕಿ ಬನ್ನಿ, ಅಜ್ಜ ಅಜ್ಜಿಯರನ್ನು ಕೇಳಿ ಬನ್ನಿ. ಹಳಬರಿಗೆ ಇನ್ನೂ ಗೊತ್ತು. ಇಂಥವರ ತೋಟದ ಬೇಲಿಯಲ್ಲಿ ಅಕ್ಷರದ ಕಲ್ಲು ಇತ್ತು, ಹಿಪ್ಪುನೇರಳೆ ನೆಡುವಾಗ ಕಿತ್ತು ಬಾವಿ ಕಟ್ಟೆಗೆ ಹಾಕಿದರು ಎಂದು ಹೇಳುವ ಅಜ್ಜಿಯರನ್ನು ಕಂಡಿದ್ದೇನೆ. ಆ ಮಾತು ಅವರ ಜೊತೆ ಹೋಗುವ ಮುಂಚೆ ಬರೆದುಕೊಳ್ಳಬೇಕು.

ಕೆಲವು ಊರುಗಳಲ್ಲಿ ಈ ಕಲ್ಲಿಗೆ ಅರಿಶಿನ ಕುಂಕುಮ ಇಡುತ್ತಾರೆ, ಯುಗಾದಿಗೋ ಶಿವರಾತ್ರಿಗೋ ಎಡೆ ಇಡುತ್ತಾರೆ, ಎಣ್ಣೆ ಸವರುತ್ತಾರೆ. ಓದಿದವರು ಇದನ್ನು ಮೂಢನಂಬಿಕೆ ಎಂದು ಬೈಯುವುದುಂಟು. ನಾನು ಬೈಯಲಾರೆ. ಅವರ ಮನೆಯವರು ನೂರಾರು ವರ್ಷ ಹಾಗೆ ಕೈಮುಗಿಯದಿದ್ದರೆ ಈ ಕಲ್ಲುಗಳಲ್ಲಿ ಎಷ್ಟೋ ಇವತ್ತಿಗೆ ಜಲ್ಲಿಯಾಗಿರುತ್ತಿದ್ದವು. ಆ ಹೆಂಗಸರ ಜೊತೆ ಕೂತು, ಅಮ್ಮ, ಎಣ್ಣೆ ಅಕ್ಷರದ ಮೇಲೆ ಬೇಡ, ಪಾದಕ್ಕೆ ಇಡಿ ಎಂದು ಹೇಳಿದರೆ ಕೇಳುತ್ತಾರೆ. ಇದು ಯಾರ ಕಲ್ಲು ಎಂದು ಓದಿ ಹೇಳಿದರೆ ಇನ್ನೂ ಚೆನ್ನಾಗಿ ಕೇಳುತ್ತಾರೆ. ತಾವು ಪೂಜಿಸುವ ವೀರಣ್ಣನಿಗೆ ಅಪ್ಪ ಇಟ್ಟ ಹೆಸರೊಂದಿತ್ತು ಎಂದು ಕೇಳಿದಾಗ ಒಬ್ಬ ತಾಯಿ ಆ ಹೆಸರನ್ನು ಎರಡು ಸಲ ನನ್ನಿಂದ ಹೇಳಿಸಿಕೊಂಡು, ಮಗಳಿಗೆ ಬರೆದಿಟ್ಟುಕೋ ಎಂದರು.

ಮುಂದಿನ ಗ್ರಾಮಸಭೆಯ ವಿಷಯ ಪಟ್ಟಿಯಲ್ಲಿ ಇದನ್ನು ಸೇರಿಸಿ ಎಂಬುದು ನನ್ನ ಕೋರಿಕೆ. ಎರಡು ನಿರ್ಣಯ ಸಾಕು: ನಮ್ಮ ಪಂಚಾಯಿತಿ ವ್ಯಾಪ್ತಿಯ ಎಲ್ಲ ಹಳೆಯ ಕಲ್ಲುಗಳನ್ನು ಗುರುತಿಸಿ ಆಸ್ತಿ ರಿಜಿಸ್ಟರಿಗೆ ಸೇರಿಸುವುದು, ಮತ್ತು ರಸ್ತೆ, ಚರಂಡಿ, ಕಟ್ಟಡದ ಯಾವ ಕೆಲಸಕ್ಕೂ ಮಾರ್ಕಿಂಗ್ ಮಾಡುವ ಮುಂಚೆ ಆ ಪಟ್ಟಿ ನೋಡುವುದು. ನಡಾವಳಿಯ ಒಂದು ಪ್ರತಿಯನ್ನು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳಿಸಿ. ಪಟ್ಟಿಯಲ್ಲಿಲ್ಲ ಎಂದವರ ಕೈಗೆ ಪಟ್ಟಿ ನಾವೇ ಕೊಟ್ಟಂತಾಗುತ್ತದೆ. ಓದಲು ಬಲ್ಲವರು ಬೇಕೆಂದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಶಾಸನಶಾಸ್ತ್ರ ಕಲಿತವರಿದ್ದಾರೆ. ಕರೆದರೆ ಬಸ್ಸಿನ ಚಾರ್ಜಿಗೂ ಕಾಯದೆ ಬರುವ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ನಾನೂ ಬರುತ್ತೇನೆ. ಕಾಗದ, ಮಸಿ, ಬ್ರಷ್ಷು ನನ್ನ ಕಡೆಯಿಂದ. ನೀವು ಒಂದು ಬಕೆಟ್ ನೀರು, ಕಲ್ಲಿನ ಸುತ್ತ ಬೆಳೆದ ಲಾಂಟಾನ ಸವರಲು ಒಬ್ಬ ಆಳು ಕೊಟ್ಟರೆ ಸಾಕು. ಸುಗ್ಗಿ ಮುಗಿದು ಹೊಲ ಖಾಲಿಯಾಗುವ ಮಾಘ, ಫಾಲ್ಗುಣದಲ್ಲಿ ಇಟ್ಟುಕೊಂಡರೆ ಬೇಲಿ ದಾಟಿ ಕಲ್ಲಿನ ತನಕ ಹೋಗುವುದೂ ಸುಲಭ.

ಇತಿ,
ನಿಮ್ಮ ವಿಶ್ವಾಸಿ,
ಶಿಡ್ಲಘಟ್ಟ ಸೀಮೆಯ ಒಬ್ಬ ನಿವಾಸಿ